ಕಿಕಾವು ದೋಣಿಯ ಚುಕ್ಕಾಣಿ

೯ ಮೇ ೧೯೪೩
ಊರ ಹೆಸರು ಬರೆಯುವಂತಿಲ್ಲ

ವಾಸೆವಾ,

ಮೊದಲು ನಮ್ಮಮ್ಮನಿಗೆ ಓದಿ ಹೇಳು: ನಾನು ಚೆನ್ನಾಗಿದ್ದೇನೆ. ಹಡಗಿನಲ್ಲಿ ಒಂದು ಸಲವೂ ವಾಂತಿ ಮಾಡಿಕೊಳ್ಳಲಿಲ್ಲ. ಮಾಡಿಕೊಂಡವನು ನಮ್ಮೂರಿನ ಈಸಿಕೇಲಿ. ಬೇಕಾದರೆ ಇದನ್ನು ಅವನ ಮನೆಯವರಿಗೂ ಓದಿ ಹೇಳು.

ಯುದ್ಧ ಎಂದರೆ ಏನೋ ಅಂದುಕೊಂಡಿದ್ದೆ. ಇಲ್ಲಿ ನಮ್ಮ ತುಕಡಿಗೆ ಹಡಗಿನಿಂದ ಪೆಟ್ಟಿಗೆ ಇಳಿಸುವ ಕೆಲಸ. ಬಂದೂಕಿಗಿಂತ ಮಾಂಸದ ಡಬ್ಬಿಗಳ ಪರಿಚಯವೇ ಹೆಚ್ಚು. ತಿನ್ನುವುದೂ ಅದನ್ನೇ. ತೆಂಗಿನ ಹಾಲಿನಲ್ಲಿ ಬೇಯಿಸಿದ ಕೆಸುವಿನ ಸೊಪ್ಪು ಕನಸಿನಲ್ಲಿ ಬರುತ್ತದೆ. ಮಿಕ್ಕಂತೆ ಶತ್ರುಗಳು ಎಲ್ಲೋ ದೂರದಲ್ಲಿದ್ದಾರಂತೆ. ನಾವು ನೋಡಿಲ್ಲ.

ಮನೋವಾ ಮಾವನಿಗೆ ನನ್ನ ಮೇಲಿನ ಸಿಟ್ಟು ಇಳಿಯಿತೇ? ಅವರು ಬಂದರಿಗೆ ಕಳಿಸಿಕೊಡಲು ಬರಲಿಲ್ಲ. ಇಷ್ಟು ವರ್ಷ ಹಾಯಿ ಕಟ್ಟುವುದನ್ನು ಕಲಿಸಿ, ಮುಂದೆ ಕಿಕಾವು ದೋಣಿ ನಿನ್ನದೇ ಎಂದು ಹೇಳಿ, ಕೊನೆಗೆ ಹುಡುಗ ಬಂದೂಕು ಹಿಡಿದು ಹೊರಟುಬಿಟ್ಟ ಎಂದರೆ ಯಾರಿಗಾದರೂ ನೋವಾಗುತ್ತದೆ. ತಿರುಗಿ ಬಂದು ಕ್ಷಮೆ ಕೇಳುತ್ತೇನೆಂದು ಹೇಳು. ಅಥವಾ ಹೇಳಬೇಡ, ಅವರ ಮುಖ ನೋಡಿ ನೀನೇ ನಿರ್ಧರಿಸು.

ನಿನ್ನ ಅತ್ತೆಯ ಮಗ,
ಎರೋನಿ


೨೦ ಜೂನ್ ೧೯೪೩
ನಸವೂ ಊರು, ಕಂಡಾವು ದ್ವೀಪ, ಫಿಜಿ

ಭಾವಾ,

ನಿನ್ನ ಓಲೆಯನ್ನು ನಮ್ಮ ಮನೆಯ ಚಾಪೆಯ ಮೇಲೆ ಕೂತು ಓದಿದೆ. ಅರ್ಧ ಊರು ಸೇರಿತ್ತು. ಈಸಿಕೇಲಿಯ ವಾಂತಿಯ ವಿಷಯ ಬಂದಾಗ ಅವನ ಅಜ್ಜಿ ಎದ್ದು ಹೊರಟೇಹೋದರು. ಅತ್ತೆ ಪೂರ್ತಿ ಕೇಳಿಸಿಕೊಂಡು ಹೇಳಿದ್ದಿಷ್ಟು: "ಪೆಟ್ಟಿಗೆ ಹೊರೋಕೆ ಸಮುದ್ರ ದಾಟಿ ಹೋಗ್ಬೇಕಿತ್ತಾ? ಇಲ್ಲೇನು ಕೊಬ್ಬರಿ ಮೂಟೆಗೆ ಬರ ಬಂದಿತ್ತಾ?"

ನಾನೂ ಅದನ್ನೇ ಕೇಳುತ್ತೇನೆ. ಊರಿನಿಂದ ಹೊರಡುವಾಗ ಎದೆ ಉಬ್ಬಿಸಿ ನಡೆದೆಯಲ್ಲ, ಡಬ್ಬಿ ಕಾಯುವ ವೀರ.

ಅಪ್ಪನ ಸಿಟ್ಟು ಇಳಿದಿಲ್ಲ. ಆದರೆ ನೀನು ಕಟ್ಟಿದ ಹಗ್ಗದ ಗಂಟುಗಳನ್ನು ಬಿಚ್ಚಲು ಯಾರಿಗೂ ಬಿಡುತ್ತಿಲ್ಲ. ದೋಣಿಯನ್ನು ದಡಕ್ಕೆ ಎಳೆಯುವಾಗ ಅವರ ಬಲಗೈಗೆ ಸ್ವಲ್ಪ ಪೆಟ್ಟಾಗಿದೆ. ದೊಡ್ಡದೇನಲ್ಲ. ಒಂದಷ್ಟು ದಿನ ಹಗ್ಗ ಹಿಡಿಯುವಂತಿಲ್ಲ, ಅಷ್ಟೆ. ಕಿಕಾವು ಮಾತ್ರ ನಿಂತಿಲ್ಲ. ಚುಕ್ಕಾಣಿಗೆ ಬೇರೊಬ್ಬರು ಸಿಕ್ಕಿದ್ದಾರೆ. ಹೋದ ವಾರ ಸುವಾ ಪಟ್ಟಣಕ್ಕೆ ಕೊಬ್ಬರಿ ಮುಟ್ಟಿಸಿ, ಸೀಮೆಎಣ್ಣೆ, ಸಾಬೂನು ತುಂಬಿಕೊಂಡು ಬಂದರು.

ಚೆನ್ನಾಗಿ ತಿನ್ನು.

ನಿನ್ನ ಮಾವನ ಮಗಳು,
ವಾಸೆವಾ


೧೫ ಆಗಸ್ಟ್ ೧೯೪೩

ವಾಸೆವಾ,

ಈ ಭಾಗವನ್ನು ಜೋರಾಗಿ ಓದು: ನಾನು ಆರೋಗ್ಯವಾಗಿದ್ದೇನೆ. ಈಗ ಪೆಟ್ಟಿಗೆ ಹೊರುವ ಕೆಲಸ ಮುಗಿದಿದೆ. ಕಾಡಿನಲ್ಲಿ ಸದ್ದಾಗದಂತೆ ನಡೆಯುವುದನ್ನು ಕಲಿಸುತ್ತಿದ್ದಾರೆ. ನಮಗೆ ಅದನ್ನು ಕಲಿಸುವುದೇನಿದೆ, ಹುಟ್ಟಿದ್ದೇ ಕಾಡಿನ ಅಂಚಿನಲ್ಲಿ. ಗಾಬರಿಪಡುವಂಥದ್ದು ಏನೂ ಇಲ್ಲ.

ಇನ್ನು ಮುಂದಿನದನ್ನು ಮನಸ್ಸಿನಲ್ಲೇ ಓದಿಕೋ. ಬೇರೊಬ್ಬರು ಎಂದರೆ ಯಾರು? ನಮ್ಮೂರಿನ ಗಂಡಸರೆಲ್ಲ ಒಂದೋ ಇಲ್ಲಿ ನನ್ನ ಪಕ್ಕ ಗೊರಕೆ ಹೊಡೆಯುತ್ತಿದ್ದಾರೆ, ಇಲ್ಲವೇ ಸುವಾದ ಬಂದರಿನಲ್ಲಿ ಕೂಲಿ ಮಾಡುತ್ತಿದ್ದಾರೆ. ಇವನು ಪಕ್ಕದೂರಿನವನೇ? ಮದುವೆಯಾಗಿದೆಯೇ? ಸೋದರಮಾವನ ಮನೆಯಲ್ಲಿ ಏನನ್ನಾದರೂ ಕೇಳದೆ ಎತ್ತಿಕೊಳ್ಳುವ ಹಕ್ಕು ಸೋದರಳಿಯನಿಗೆ ಉಂಟು. ಹಾಗೆ ನೋಡಿದರೆ ಕಿಕಾವು ನನ್ನದು. ಅದನ್ನು ಆ ಮನುಷ್ಯನಿಗೆ ತಿಳಿಸಿ ಹೇಳು.

ಈಸಿಕೇಲಿಗೆ ನಿನ್ನ ಓಲೆ ತೋರಿಸಿದ್ದು ತಪ್ಪಾಯಿತು. "ಮೊದ್ಲು ಚುಕ್ಕಾಣಿ ಹಿಡೀತಾನೆ, ಆಮೇಲೆ ನಿಧಾನಕ್ಕೆ ಮಾವನ ಮಗಳ ಕೈ ಹಿಡೀತಾನೆ ಕಣೋ" ಎಂದು ಊಟದ ಸಾಲಿನಲ್ಲಿ ಎಲ್ಲರ ಮುಂದೆ ಹೇಳಿದ. ನಾನು ಅವನ ಸಕ್ಕರೆಯನ್ನು ಚೆಲ್ಲಿದೆ.

ಎರೋನಿ


೨೪ ಅಕ್ಟೋಬರ್ ೧೯೪೩

ಭಾವಾ,

ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತೇನೆ. ಹೊಸಬರು ಪಕ್ಕದೂರಿನವರಲ್ಲ. ಮದುವೆಯಾಗಿಲ್ಲ. ವಯಸ್ಸು ಹೆಚ್ಚುಕಡಿಮೆ ನನ್ನಷ್ಟೇ. ಭುಜ ಗಟ್ಟಿ. ಅಪ್ಪ ಹೇಳಿದ್ದನ್ನು ಎದುರಾಡದೆ ಕೇಳುತ್ತಾರೆ, ಆಮೇಲೆ ತಮಗೆ ಸರಿ ಕಂಡಂತೆ ಮಾಡುತ್ತಾರೆ. ಅತ್ತೆಗಂತೂ ತುಂಬ ಹಿಡಿಸಿದ್ದಾರೆ. ಊಟ ನಮ್ಮ ಮನೆಯಲ್ಲೇ, ಮಲಗುವುದೂ ನಮ್ಮ ಮನೆಯಲ್ಲೇ.

ನಿನ್ನ ಹಕ್ಕಿನ ವಿಷಯ ತಿಳಿಸಿದೆ. ನಕ್ಕರು. ಬಂದು ಎತ್ತಿಕೊಳ್ಳಲಿ ಎಂದರು.

ಊರಲ್ಲಿ ಗೆಣಸು ಚೆನ್ನಾಗಿ ಬಂದಿದೆ. ಅಪ್ಪ ಈಗಲೂ ಸಂಜೆ ದಡದಲ್ಲಿ ಕೂತು ಎಡಗೈಯಲ್ಲಿ ಹಗ್ಗ ಹೆಣೆಯುತ್ತಾರೆ. ಬಲಗೈ ಇನ್ನೂ ಪೂರ್ತಿ ಸರಿಹೋಗಿಲ್ಲ. ಅದರ ಬಗ್ಗೆ ಕೇಳಬೇಡ, ಅವರಿಗೆ ಇಷ್ಟವಿಲ್ಲ.

ಕಾಡಿನಲ್ಲಿ ಸದ್ದಿಲ್ಲದೆ ನಡೆಯುವುದನ್ನು ಕಲಿಸುವುದು ಯಾತಕ್ಕೆ ಭಾವಾ? ಡಬ್ಬಿಗಳು ಎಚ್ಚರಗೊಳ್ಳುತ್ತವೆಯೇ?

ವಾಸೆವಾ


೧೬ ಜನವರಿ ೧೯೪೪

ವಾಸೆವಾ,

ಹೊಸ ನಾಯಕರಿಗೆ ನನ್ನ ನಮಸ್ಕಾರ ತಿಳಿಸು. ಭುಜ ಗಟ್ಟಿ ಎಂದು ತಿಳಿದು ಸಂತೋಷವಾಯಿತು.

ನಾವು ಬೇರೆ ದ್ವೀಪಕ್ಕೆ ಬಂದಿದ್ದೇವೆ. ದಡದಲ್ಲಲ್ಲ, ಒಳನಾಡಿನ ಗುಡ್ಡದ ಮೇಲೆ, ಒಂದು ಹಳ್ಳಿಯ ಪಕ್ಕದಲ್ಲಿ. ಊಟ ವಿಮಾನದಿಂದ ಬೀಳುತ್ತದೆ. ಒಮ್ಮೆ ಅಕ್ಕಿಚೀಲವೊಂದು ನೇರವಾಗಿ ನಮ್ಮ ಪಾದ್ರಿಗಳ ಗುಡಾರದ ಮೇಲೆ ಬಿತ್ತು. ಅವರು ಒಳಗಿರಲಿಲ್ಲ. ಇಲ್ಲಿಯ ಜನ ನಮ್ಮ ಹಾಗೆಯೇ ಗೆಡ್ಡೆ ತಿನ್ನುವವರು, ಹಂದಿ ಸಾಕುವವರು. ನಮ್ಮ ಸಾಮಾನು ಹೊತ್ತುಕೊಡುತ್ತಾರೆ, ತೋಟದಿಂದ ಸೊಪ್ಪು ತಂದುಕೊಡುತ್ತಾರೆ. ಕೆಪೇಯಾ ಎಂಬ ಮುದುಕಿಯೊಬ್ಬಳು ಬೆಳಿಗ್ಗೆ ನನ್ನನ್ನು ಕಂಡೊಡನೆ ಬೈಯುತ್ತಾಳೆ. ನಮ್ಮಿಬ್ಬರ ನಡುವೆ ಇರುವುದು ಹರಕುಮುರುಕು ಭಾಷೆ, ಆದರೂ ಬೈಗುಳ ಪೂರ್ತಿ ಅರ್ಥವಾಗುತ್ತದೆ. "ಇಷ್ಟು ಉದ್ದ ಬೆಳೆದಿದ್ದೀಯ, ಮೈಮೇಲೆ ಮಾಂಸಾನೇ ಇಲ್ಲ. ನಿಮ್ಮಮ್ಮ ಏನ್ ಮಾಡ್ತಿದ್ಲು?" ಇದನ್ನು ಅಮ್ಮನಿಗೆ ಓದುವಾಗ ಎಚ್ಚರ.

ಇಲ್ಲಿ ಶಾಂತವಾಗಿದೆ. ಏನೂ ನಡೆಯುವುದಿಲ್ಲ.

ಒಂದು ಮಾತು. ಆ ಮನುಷ್ಯ ನಿನ್ನನ್ನು ಕೇಳಿ, ಮಾವ ಒಪ್ಪಿದರೆ, ಬೇರೆಯವರ ಬಾಯಿಂದ ನನಗೆ ತಿಳಿಯದಿರಲಿ. ನೀನೇ ಬರೆ.

ಎರೋನಿ


೨ ಏಪ್ರಿಲ್ ೧೯೪೪

ಎರೋನಿ,

ಭಾವಾ ಎಂದು ಬರೆಯುವಷ್ಟು ಒಳ್ಳೆಯ ಮನಸ್ಸು ಇವತ್ತು ನನಗಿಲ್ಲ.

ಕೊಬ್ಬರಿಯ ಜೊತೆ ಸುವಾಕ್ಕೆ ಹೋಗಿದ್ದೆ. ಈಸಿಕೇಲಿ ಆಸ್ಪತ್ರೆಯಲ್ಲಿದ್ದಾನೆಂದು ಬಂದರಿನಲ್ಲಿ ಯಾರೋ ಹೇಳಿದರು. ಅತ್ತೆಯನ್ನು ಮಾರುಕಟ್ಟೆಯಲ್ಲಿ ಕೂರಿಸಿ ಒಬ್ಬಳೇ ಓಡಿದೆ. ತೊಡೆಗೆ ಗುಂಡು ಬಿದ್ದಿದೆ, ಮೂಳೆ ಉಳಿದಿದೆ, ನಡೆಯುತ್ತಾನಂತೆ. "ಪೆಟ್ಟಿಗೆ ಇಳಿಸುವಾಗ ಗುಂಡು ಬಿತ್ತಾ?" ಎಂದು ಕೇಳಿದೆ. ಅವನು ನನ್ನ ಮುಖ ನೋಡಿದ. "ಎರೋನಿ ನಿಮ್ಗೇನೂ ಬರೆದಿಲ್ವಾ? ಅವನು ಇಲ್ದೇ ಇದ್ದಿದ್ರೆ ನಾನು ಆ ಹಳ್ಳದಲ್ಲೇ ಇರ್ತಿದ್ದೆ. ಮಿಕ್ಕಿದ್ದು ಅವನ್ನೇ ಕೇಳು, ನಾನು ಹೇಳಿದ್ರೆ ನನ್ನ ಹಲ್ಲು ಉದುರಿಸ್ತಾನೆ" ಎಂದು ಗೋಡೆಯ ಕಡೆ ತಿರುಗಿಬಿಟ್ಟ.

ನಾನು ನಿನ್ನನ್ನು ಡಬ್ಬಿ ಕಾಯುವ ವೀರ ಎಂದೆ. ಆ ಓಲೆ ಓದುವಾಗ ನೀನು ಎಲ್ಲಿದ್ದೆಯೋ, ನಿನ್ನ ಮುಂದೆ ಯಾರಿದ್ದರೋ.

ಪೂರ್ತಿ ಬರೆ. ಯಾರಿಗೂ ಓದಿ ಹೇಳುವುದಿಲ್ಲ.

ವಾಸೆವಾ


೨೧ ಮೇ ೧೯೪೪

ವಾಸೆವಾ,

ನೀನು ಹಾಗೆ ಅಂದಿದ್ದು ನನಗೆ ಬೇಕಾಗಿತ್ತು. ನೀನು ಹೆದರಿ ಬರೆದಿದ್ದರೆ ನಾನೂ ಹೆದರುತ್ತಿದ್ದೆ. ಈ ಓಲೆ ಅಂಚೆಯಲ್ಲಿ ಬರುತ್ತಿಲ್ಲ. ನಮ್ಮ ಪಾದ್ರಿಗಳು ಸುವಾಕ್ಕೆ ಹೊರಟಿದ್ದಾರೆ, ಅವರ ಕೈಗೆ ಕೊಡುತ್ತಿದ್ದೇನೆ. ಹಾಗಾಗಿ ಎಲ್ಲವನ್ನೂ ಹೇಳಬಹುದು.

ಗುಡ್ಡದ ಮೇಲೆ ಶಾಂತವಾಗಿದೆ ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ನಮ್ಮ ಕೆಲಸ ಸುತ್ತಲಿನ ಕಾಡಿನಲ್ಲಿ ಜಪಾನಿಯರು ಎಲ್ಲಿದ್ದಾರೆಂದು ಪತ್ತೆ ಹಚ್ಚುವುದು. ಫೆಬ್ರವರಿ ಬರುವ ಹೊತ್ತಿಗೆ ಅವರು ಎಲ್ಲೆಲ್ಲೂ ಇದ್ದರು. ನಾವು ಬಂದಿದ್ದ ದಾರಿ ಮೊದಲು ಮುಚ್ಚಿತು, ಆಮೇಲೆ ಮಿಕ್ಕವು. ಜಾಗ ಬಿಟ್ಟು ದಡಕ್ಕೆ ಇಳಿಯಿರಿ ಎಂದು ರೇಡಿಯೋದಲ್ಲಿ ಆದೇಶ ಬಂತು. ನಮ್ಮ ಕ್ಯಾಪ್ಟನ್ ನ್ಯೂಜಿಲೆಂಡಿನವರು, ಒಳ್ಳೆಯ ಮನುಷ್ಯ. ಅವರು ನಕ್ಷೆ ಹರಡಿಕೊಂಡು ಕೂತಿದ್ದಾಗ ಹಳ್ಳಿಯ ಮುಖಂಡ ಸಿರೋವಿ ಬಂದು ಎದುರಿಗೆ ನಿಂತ.

"ನೀವು ಹೋಗ್ತೀರಿ. ನಾಳೆ ಅವ್ರು ಬರ್ತಾರೆ. ಇವರ ಅಕ್ಕಿ ಹೊತ್ತೋರು ಯಾರು ಅಂತ ಕೇಳ್ತಾರೆ. ನಾವೇನು ಹೇಳೋಣ?"

ಕ್ಯಾಪ್ಟನ್ ಮತ್ತೆ ನಕ್ಷೆಗೆ ಬಗ್ಗಿದರು. ಮುದುಕರು, ಬಸುರಿಯರು, ಮಕ್ಕಳನ್ನು ಕಟ್ಟಿಕೊಂಡು ಶತ್ರುಗಳ ನಡುವೆ ನುಸುಳುವುದೆಂದರೆ ಏನೆಂದು ಅವರಿಗೆ ಗೊತ್ತು. ಆಗ ನಮ್ಮ ಸಾರ್ಜೆಂಟ್ ನೆಮಾನಿ ಹೇಳಿದರು: "ಸಾರ್, ಇವ್ರ ಮನೇಲಿ ಉಂಡಿದ್ದೀವಿ. ಬಿಟ್ಟು ಹೋದ್ರೆ ಊರಿಗೆ ಹೋಗಿ ನಮ್ಮಮ್ಮಂದಿರ ಮುಖ ಹೆಂಗೆ ನೋಡೋದು?"

ಕ್ಯಾಪ್ಟನ್ ನಕ್ಷೆ ಮಡಚಿದರು. "ಬರೋರೆಲ್ಲ ಬರಲಿ. ಆದ್ರೆ ಯಾವ ದಾರೀಲಿ?"

ಒಂದು ದಾರಿಯಿತ್ತು. ಸಿರೋವಿಯ ಅಜ್ಜಂದಿರು ಉಪ್ಪು ತರಲು ಬೆಟ್ಟದ ನೆತ್ತಿ ದಾಟಿ ಸಮುದ್ರಕ್ಕೆ ಇಳಿಯುತ್ತಿದ್ದರಂತೆ. ಈಗ ಅದು ಇದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಹುಡುಕಲು ಅವನೂ ನಾನೂ ಹೋದೆವು. ಕೆಲವು ಕಡೆ ಹಂದಿಯ ಹಾಗೆ ನಾಲ್ಕು ಕಾಲಿನಲ್ಲಿ ನುಗ್ಗಬೇಕಾಯಿತು. ಒಂದು ಕಡೆ ಕೆಳಗಿನ ಕಣಿವೆಯಲ್ಲಿ ಶತ್ರುಗಳು ಅನ್ನ ಬೇಯಿಸುವ ಹೊಗೆ ಕಾಣುತ್ತಿತ್ತು. ಆದರೆ ದಾರಿ ಇತ್ತು. ಹಿಂದಿರುಗಿ "ಇದೆ ಸಾರ್" ಎಂದಾಗ ನನ್ನ ಧ್ವನಿ ನನಗೇ ಬೇರೆಯವರದ್ದೆಂಬಂತೆ ಕೇಳಿಸಿತು.

ಬೆಳಕು ಹರಿದೊಡನೆ ಹೊರಟೆವು. ಕೆಪೇಯಾ ಮಾತ್ರ ಗುಡಿಸಲ ಬಾಗಿಲಲ್ಲಿ ಕೂತುಬಿಟ್ಟಳು.

"ನನ್ನ ಹಂದಿಮರೀನ ಬಿಟ್ಟು ನಾನು ಬರಲ್ಲ."

"ಅಜ್ಜಿ, ಅದು ಕಿರುಚಿದ್ರೆ ಎಲ್ರೂ ಸಾಯ್ತೀವಿ," ಎಂದೆ.

"ನಿನ್ನಷ್ಟು ಮಾತಾಡಲ್ಲ ಅದು."

ಈಸಿಕೇಲಿ ಮರಿಯ ಮೂತಿಗೆ ಬಟ್ಟೆ ಕಟ್ಟಿ ತನ್ನ ಅಂಗಿಯೊಳಗೆ ಇಳಿಬಿಟ್ಟುಕೊಂಡ. ನಾನು ಅಜ್ಜಿಯನ್ನು ಬೆನ್ನ ಮೇಲೆ ಕೂರಿಸಿಕೊಂಡೆ. ಅವಳು ನನ್ನ ಎರಡೂ ಕಿವಿ ಹಿಡಿದುಕೊಂಡಳು. ಎಡಕ್ಕೆ ತಿರುಗಬೇಕಾದರೆ ಎಡಗಿವಿ ಎಳೆಯುತ್ತಿದ್ದಳು. ಮಳೆ, ಕೆಸರು, ಬೇರು. ಕೂಸುಗಳು ಕೂಡ ಅಳಲಿಲ್ಲ. ಅಷ್ಟು ಜನ ಅಷ್ಟು ಸದ್ದಿಲ್ಲದೆ ನಡೆಯಬಹುದು ಎಂದು ನಾನು ನಂಬಿರಲಿಲ್ಲ.

ಮರುದಿನ ಮಧ್ಯಾಹ್ನ ಒಂದು ಹಳ್ಳ ದಾಟುವಾಗ, ನಮ್ಮ ಹಿಂದೆ ಅವರು ಬರುತ್ತಿರುವುದು ಗೊತ್ತಾಯಿತು. ಹೆಂಗಸರು, ಮಕ್ಕಳು ಎದುರಿನ ಏರನ್ನು ಹತ್ತಿ ಮರೆಯಾಗುವವರೆಗೆ ಹಳ್ಳವನ್ನು ಯಾರಾದರೂ ಕಾಯಬೇಕಿತ್ತು. ನಾನು ಉಳಿದೆ. ಈಸಿಕೇಲಿಯೂ, ಇನ್ನು ಕೆಲವರೂ ಉಳಿದರು. ಸಾರ್ಜೆಂಟ್ ನೆಮಾನಿ ಬೆನ್ನ ಮೇಲೆ ಅಜ್ಜಿ, ಕಂಕುಳಲ್ಲಿ ಹಂದಿಮರಿ ಇಟ್ಟುಕೊಂಡು ಏರು ಹತ್ತುವುದನ್ನು ನೋಡಿದೆ. ನಗು ಬರಬೇಕಿತ್ತು, ಬರಲಿಲ್ಲ.

ಮೊದಲು ಬಂದವನು ನನ್ನ ವಯಸ್ಸಿನವನು. ಕಾಲು ಜಾರದಂತೆ ನೆಲ ನೋಡಿಕೊಂಡು ಬರುತ್ತಿದ್ದ. ನನ್ನನ್ನು ನೋಡಲಿಲ್ಲ. ನಾನು ಗುಂಡು ಹಾರಿಸಿದೆ. ಇದನ್ನು ನಿನಗೊಬ್ಬಳಿಗೇ ಹೇಳುತ್ತಿದ್ದೇನೆ. ಯಾಕೆ ಎಂದು ಗೊತ್ತಿಲ್ಲ, ಹೇಳಿದ ಮೇಲೆ ಸ್ವಲ್ಪ ಹಗುರಾಯಿತು.

ಆಮೇಲೆ ಎಲ್ಲ ಕಡೆಯಿಂದ ಸದ್ದು. ಅವರು ಮೂರು ಸಲ ನುಗ್ಗಿದರು, ಮೂರು ಸಲವೂ ಹಿಂದಕ್ಕೆ ಹೋದರು. ಈಸಿಕೇಲಿ ನೀರಿನಲ್ಲಿ ಬಿದ್ದ. "ನೀನು ಹೋಗೋ, ನನ್ನ ಬಿಡು" ಎಂದ. "ನಿಮ್ಮಜ್ಜಿಗೆ ನೀನೇ ಉತ್ತರ ಹೇಳು, ನನ್ನ ಕೈಲಾಗಲ್ಲ" ಎಂದು ಎತ್ತಿಕೊಂಡೆ. ಅಜ್ಜಿಗಿಂತ ಭಾರ ಇದ್ದ, ಬೈಯುತ್ತಿದ್ದದ್ದೂ ಅವಳಿಗಿಂತ ಜೋರು.

ನೆತ್ತಿ ದಾಟಿದೆವು. ಕೆಳಗೆ ಸಮುದ್ರ ಕಾಣಿಸಿತು ವಾಸೆವಾ. ಆ ಗುಡ್ಡದ ಮಕ್ಕಳಲ್ಲಿ ಹಲವರು ಸಮುದ್ರವನ್ನು ಅಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲು. ನಮ್ಮವರಲ್ಲಿ ಅಳದವರು ಯಾರೂ ಇರಲಿಲ್ಲ. ದಡದಲ್ಲಿ ಸಾರ್ಜೆಂಟ್ ಎಲ್ಲರನ್ನೂ ಎಣಿಸಿದರು, ನಂಬಿಕೆಯಾಗದೆ ಮತ್ತೆ ಎಣಿಸಿದರು. ಒಬ್ಬರೂ ಕಡಿಮೆಯಿರಲಿಲ್ಲ. ಸೈನಿಕರಲ್ಲೂ ಇಲ್ಲ, ಹಳ್ಳಿಯವರಲ್ಲೂ ಇಲ್ಲ. ಕ್ಯಾಪ್ಟನ್ ಟೋಪಿ ತೆಗೆದರು. ಯಾರೋ ಪ್ರಾರ್ಥನೆಯ ಹಾಡು ಎತ್ತಿದರು, ನಮ್ಮನ್ನು ಕರೆದೊಯ್ಯಲು ಬಂದ ಹಡಗಿನವರು ಹಾಡು ಮುಗಿಯುವವರೆಗೆ ಕಾದರು.

ದೋಣಿ ಹತ್ತುವಾಗ ಕೆಪೇಯಾ ನನ್ನ ಬೆನ್ನಿಗೆ ಎರಡು ಏಟು ಹಾಕಿ ಹೇಳಿದಳು: "ನಿಮ್ಮಮ್ಮನಿಗೆ ಹೇಳು. ಮಾಂಸ ಕೊಡದೇ ಇದ್ರೂ ಬೆನ್ನು ಚೆನ್ನಾಗಿ ಕೊಟ್ಟಿದ್ದಾಳೆ."

ಇಷ್ಟೇ. ಈಗ ನೀನು ಮುಚ್ಚಿಟ್ಟದ್ದನ್ನು ಹೇಳು. ಹೊಸ ನಾಯಕರ ಹೆಸರನ್ನು ಒಂದು ಸಲವೂ ಬರೆದಿಲ್ಲ ನೀನು.

ಎರೋನಿ


೯ ಜುಲೈ ೧೯೪೪

ಭಾವಾ,

ಮಾತು ತಪ್ಪಿದೆ. ಓದಿ ಹೇಳಿದೆ. ನನಗೊಬ್ಬಳಿಗೇ ಹೇಳಿದ್ದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಚಾಪೆಯ ಮೇಲೆ ಕೂತು ಜೋರಾಗಿ ಓದಿದೆ. ಈಸಿಕೇಲಿಯ ಅಜ್ಜಿ ಎದ್ದು ಬಂದು ನಿಮ್ಮಮ್ಮನನ್ನು ತಬ್ಬಿಕೊಂಡರು. ಅತ್ತೆ, "ಆ ಮುದುಕಿ ನನ್ನ ಕೈಗೆ ಸಿಗ್ಬೇಕು, ಮಾಂಸದ ವಿಷಯ ಮಾತಾಡೋದಿದೆ" ಎಂದರು. ಆಮೇಲೆ ಒಳಗೆ ಹೋಗಿ ಅತ್ತರು. ಮರುದಿನ ನೋಡಿದರೆ, ಅಪ್ಪ ನೀನು ಕಟ್ಟಿದ ಗಂಟುಗಳನ್ನು ಬಂದವರಿಗೆಲ್ಲ ತೋರಿಸುತ್ತಿದ್ದರು.

ಹೊಸ ನಾಯಕರ ಹೆಸರು ಕೇಳಿದೆಯಲ್ಲ. ವಾಸೆವಾ.

ಅಪ್ಪನ ಕೈಗೆ ಆದದ್ದು ಸಣ್ಣ ಪೆಟ್ಟಲ್ಲ. ದೋಣಿಯ ಅಡಿಯ ದಿಮ್ಮಿ ಉರುಳಿ ಬೆರಳುಗಳು ನಜ್ಜುಗುಜ್ಜಾದವು. ಇನ್ನೆಂದೂ ಚುಕ್ಕಾಣಿ ಹಿಡಿಯಲಾರರು. ನೀನು ಹೋದ ತಿಂಗಳಲ್ಲೇ ಆದದ್ದು, ಅದಕ್ಕೇ ನಿಜ ಬರೆಯಲಿಲ್ಲ. ಬರೆದಿದ್ದರೆ ನಿನ್ನ ಮನಸ್ಸು ಅಲ್ಲಿ ನಿಲ್ಲುತ್ತಿರಲಿಲ್ಲ. ಕೊಬ್ಬರಿ ಬೂಷ್ಟು ಹಿಡಿಯತೊಡಗಿತು, ಅಂಗಡಿಯಲ್ಲಿ ಸೀಮೆಎಣ್ಣೆ ಮುಗಿಯಿತು. ಊರ ಹಿರಿಯರು ಸೇರಿದಾಗ ನಾನು ನಡೆಸುತ್ತೇನೆ ಎಂದೆ. ಚಿಕ್ಕಂದಿನಿಂದ ಅಪ್ಪನ ಜೊತೆ ಹೋಗುತ್ತಿದ್ದವಳು ನಾನು, ನಿನಗಿಂತ ಮೊದಲೇ. ಹಿರಿಯ ತಿಮೋದಿ, "ಹೆಣ್ಣು ಚುಕ್ಕಾಣಿ ಹಿಡಿದ್ರೆ ಸಮುದ್ರ ಸಿಟ್ಟಾಗುತ್ತೆ" ಎಂದರು. ಆಗ ಬಾಗಿಲ ಬಳಿ ಕೂತಿದ್ದ ಅತ್ತೆ ಎದ್ದು ನಿಂತರು. "ನಮ್ಮ ಮಕ್ಕಳನ್ನ ಕೊಲ್ಲೋಕೆ ಕರ್ಕೊಂಡು ಹೋಗೋ ಹಡಗಿಗೆ ದಾರಿ ಬಿಟ್ಟ ಸಮುದ್ರ, ಇವಳು ಕೊಬ್ಬರಿ ತಗೊಂಡು ಹೋದ್ರೆ ಸಿಟ್ಟಾಗುತ್ತಾ?" ಮೊದಲ ಪ್ರಯಾಣದಲ್ಲಿ ಅತ್ತೆಯೇ ದೋಣಿಯ ಮೂತಿಯಲ್ಲಿ ಕೂತಿದ್ದರು, ಮಿಕ್ಕ ಆಳುಗಳೂ ಹೆಂಗಸರೇ.

ಇನ್ನೊಂದು ಇದೆ. ಈಸಿಕೇಲಿಯನ್ನು ಕಂಡು ಸುವಾದಿಂದ ಹೊರಟ ದಿನ ಗಾಳಿ ಕೆಟ್ಟಿತು. ಅಲೆ ಹಾಯಿಯ ಮೇಲಿನಿಂದ ಬೀಳುತ್ತಿತ್ತು. ಊರ ಮುಂದಿನ ಹವಳದ ಬಂಡೆಸಾಲಿನ ಕಿಂಡಿ ನೊರೆಯಲ್ಲಿ ಕಾಣಿಸಲೇ ಇಲ್ಲ. ದಡದಲ್ಲಿ ಅಪ್ಪ ಎದೆಮಟ್ಟ ನೀರಿಗಿಳಿದು ಎಡಗೈ ಬೀಸುತ್ತಿದ್ದರು, ಹಿಂದಕ್ಕೆ ಹೋಗು, ಆಳದಲ್ಲೇ ಇರು ಎಂದು. ಆದರೆ ಹಲಗೆಗಳು ಬಿಡುತ್ತಿದ್ದವು, ಹೆಂಗಸರು ನೀರು ಎತ್ತಿಹಾಕಿ ಸೋತಿದ್ದರು. ನನಗೆ ನಿನ್ನ ಮೇಲೆ ಅಷ್ಟು ಸಿಟ್ಟಿತ್ತು ಭಾವಾ, ಹೆದರಿಕೆಗೆ ಜಾಗವೇ ಉಳಿದಿರಲಿಲ್ಲ. ಒಂದು ದೊಡ್ಡ ಅಲೆಗೆ ಕಾದು, ಅದರ ಬೆನ್ನೇರಿ ಕಿಕಾವನ್ನು ಕಿಂಡಿಯೊಳಗೆ ಬಿಟ್ಟೆ. ಎರಡೂ ಪಕ್ಕದಲ್ಲಿ ಹವಳ ಕರಕರ ಅಂದದ್ದು ಕೇಳಿಸಿತು. ಮರುಕ್ಷಣ ಒಳಗಿನ ನೀರು, ಎಣ್ಣೆಯ ಹಾಗೆ ನಯ.

ತಿಮೋದಿ ಹಗ್ಗ ಹಿಡಿಯಲು ಓಡಿಬಂದರು. ಅಪ್ಪ ನನ್ನ ಮುಖ ನೋಡಿ, "ನಾನಾಗಿದ್ರೆ ಒಳಗೆ ಬರ್ತಿರ್ಲಿಲ್ಲ" ಎಂದರು. ಅವರ ಬಾಯಿಂದ ಅದಕ್ಕಿಂತ ದೊಡ್ಡ ಮಾತನ್ನು ನಾನು ಕೇಳಿಲ್ಲ.

ವಾಸೆವಾ


೧೭ ಸೆಪ್ಟೆಂಬರ್ ೧೯೪೪
ಸುವಾ

ವಾಸೆವಾ,

ಜೀವಮಾನದಲ್ಲಿ ನನ್ನಷ್ಟು ಮೂರ್ಖನಾದವನು ಇನ್ನೊಬ್ಬನಿರಲಾರ. ಒಂದು ವರ್ಷ ನಾನು ಹೊಟ್ಟೆಕಿಚ್ಚುಪಟ್ಟದ್ದು ನಿನ್ನ ಮೇಲೆ. ಗುಡಾರದಲ್ಲಿ ನಿನ್ನ ಓಲೆ ಓದಿ ನಾನು ನಕ್ಕ ನಗುವಿಗೆ ಪಹರೆಯವನು ಓಡಿಬಂದ.

ನಾವು ಮೊನ್ನೆ ಬಂದಿಳಿದೆವು. ನಿನ್ನೆ ಮೆರವಣಿಗೆ. ಬೀದಿಯ ತುಂಬ ಜನ, ಕೊರಳು ತುಂಬ ಹೂವು. ಸಮುದ್ರದ ಪಕ್ಕದ ರಸ್ತೆಗೆ ತಿರುಗಿದಾಗ ಕಿಕಾವು ಬಂದರಿನೊಳಗೆ ಬರುತ್ತಿತ್ತು. ನೀನು ಹಿಂಭಾಗದಲ್ಲಿ ನಿಂತಿದ್ದೆ, ಚುಕ್ಕಾಣಿ ನಿನ್ನ ಸೊಂಟಕ್ಕೆ ಒರಗಿತ್ತು. ಒಂದು ದೊಡ್ಡ ಹಡಗಿಗೂ ಕಟ್ಟೆಗೂ ನಡುವಿನ ಇಕ್ಕಟ್ಟಿನಲ್ಲಿ, ಹಾಯಿ ಇಳಿಸಿ, ಹಗ್ಗ ಎಸೆಯುವ ಮೊದಲೇ ದೋಣಿಯನ್ನು ತಂದು ಮುಟ್ಟಿಸಿದೆ. ತಲೆ ತಿರುಗಿಸುವಂತಿರಲಿಲ್ಲ, ತಿರುಗಿಸಿದೆ. ಸಾರ್ಜೆಂಟ್ ನೆಮಾನಿ ತುಟಿ ಅಲುಗಿಸದೆ, "ಯಾರೋ ಅದು?" ಎಂದರು. "ನನ್ನ ಮಾವನ ಮಗಳು ಸಾರ್." "ಹಾಗಾದ್ರೆ ನೋಡು, ಶಿಕ್ಷೆ ಇಲ್ಲ." ಸಾಲಿಗೆ ಸಾಲೇ ತಲೆ ತಿರುಗಿಸಿತು.

ಬಿಡುವು ಸಿಕ್ಕಿ ಓಡಿಬರುವಷ್ಟರಲ್ಲಿ ನೀನು ಹೊರಟಾಗಿತ್ತು. ಗಾಳಿ ಬದಲಾಗುತ್ತದೆ ಎಂದು ಹೋದರಂತೆ ನಾಯಕರು. ಅಮ್ಮ ಬಿಟ್ಟುಹೋಗಿದ್ದ ಬುಟ್ಟಿ ಮಾತ್ರ ಸಿಕ್ಕಿತು.

ನನ್ನ ತಂದೆಯ ಕಡೆಯ ದೊಡ್ಡಪ್ಪಂದಿರಿಗೆ ಹೇಳಿ ಕಳಿಸಿದ್ದೇನೆ. ಈ ವಾರ ಅವರು ನಿಮ್ಮ ಮನೆಗೆ ಬರುತ್ತಾರೆ. ಯಾಕೆಂದು ನಿನಗೆ ಗೊತ್ತು.

ಎರೋನಿ


೨೪ ಸೆಪ್ಟೆಂಬರ್ ೧೯೪೪
ನಸವೂ

ಭಾವಾ,

ಬಂದಿದ್ದರು. ಪದ್ಧತಿಯಂತೆ ತಿಮಿಂಗಿಲದ ಹಲ್ಲನ್ನು ಅಪ್ಪನ ಮುಂದಿಟ್ಟು, ತಲೆ ತಗ್ಗಿಸಿ, ಅವರ ಕುಲ, ನಮ್ಮ ಕುಲ ಎಲ್ಲವನ್ನೂ ಹೇಳಿ ಹುಡುಗಿಯನ್ನು ನಿನಗೆ ಕೊಡಿ ಎಂದು ಕೇಳಿದರು. ಅಪ್ಪ ಹಲ್ಲನ್ನು ಎಡಗೈಯಲ್ಲಿ ಎತ್ತಿಕೊಂಡು ಹಣೆಗೆ ಒತ್ತಿಕೊಂಡರು. ಆಮೇಲೆ ಹೇಳಿದರು:

"ಹಲ್ಲು ನಾನು ತಗೋಬಹುದು. ಉತ್ತರ ನನ್ನ ಕೈಲಿಲ್ಲ. ಈ ಮನೇಲಿ ದಿಕ್ಕು ನೋಡೋಳು ಈಗ ಅವಳು. ಅವಳನ್ನೇ ಕೇಳಿ."

ಹುಡುಗಿಯನ್ನು ಎದುರಿಗೇ ಕೇಳುವ ಪದ್ಧತಿ ಅವರಿಗೆ ಎಲ್ಲಿಂದ ಬರಬೇಕು? ಚಾಪೆ ನೋಡುತ್ತ ಕೂತರು. ನಾನೇ ಹೇಳಿದೆ: "ನನಗೆ ಒಪ್ಪಿಗೆ ಇದೆ. ಮದುವೆ ಆದ್ಮೇಲೂ ಕಿಕಾವು ನಾನೇ ನಡೆಸ್ತೀನಿ."

ನಿನ್ನ ದೊಡ್ಡಪ್ಪ ಕೆಮ್ಮಿದರು. ಅವರ ತಮ್ಮನೂ ಕೆಮ್ಮಿದರು. ಅತ್ತೆ ಮೂಲೆಯಿಂದ, "ಕೆಮ್ಮಿದ್ದು ಸಾಕು, ಹೂಂ ಅನ್ನಿ" ಎಂದರು. ಎಲ್ಲರೂ ಕೈ ಬೊಗಸೆ ಮಾಡಿ ಚಪ್ಪಾಳೆ ತಟ್ಟಿದರು. ಹೀಗೆ ಆಯಿತು.

ಗುರುವಾರ ಬೆಳಿಗ್ಗೆ ಬಂದರಿಗೆ ಬಾ. ಸಮವಸ್ತ್ರ ಹಾಕಿಕೊಂಡೇ ಬಾ, ಅತ್ತೆ ನೋಡಬೇಕಂತೆ. ಮೂಟೆಗಳ ಮೇಲೆ ನಿನಗೊಂದು ಜಾಗ ಇಟ್ಟಿರುತ್ತೇನೆ. ಸುಮ್ಮನೆ ಕೂತಿರು, ಹಗ್ಗ ಮುಟ್ಟಬೇಡ. ಸಂಜೆಯ ಹೊತ್ತಿಗೆ ಊರೆಲ್ಲ ದಡದಲ್ಲಿ ನಿಂತಿರುತ್ತದೆ, ಎಲ್ಲರ ಮುಂದೆ ಅಪ್ಪ. ಅಷ್ಟು ಜನರನ್ನು ಒಬ್ಬರೂ ತಪ್ಪದಂತೆ ದಡ ಮುಟ್ಟಿಸಿದವನು ನೀನು. ನಿನ್ನನ್ನು ಮನೆ ಮುಟ್ಟಿಸುವುದು ನನ್ನ ಪಾಲಿನ ಕೆಲಸ.

ವಾಸೆವಾ